ಎಚ್‌ಐವಿ ಮತ್ತು ಹರ್ಪಿಸ್ ವಿರುದ್ಧ ಔಷಧಗಳು ಹೇಗೆ ಕೆಲಸ ಮಾಡುತ್ತವೆ?

ಈ ಔಷಧಗಳು ವೈರಸ್ಸನ್ನು ಕೊಲ್ಲುವುದಿಲ್ಲ. ಅದು ತನ್ನ ಪ್ರತಿಗಳನ್ನು ಮಾಡಿಕೊಳ್ಳದಂತೆ ತಡೆಯುತ್ತವೆ. ವೈರಸ್ ನಮ್ಮ ಜೀವಕೋಶದ ಸಾಮಗ್ರಿಯನ್ನೇ ಬಳಸಿ ಹೆಚ್ಚುವುದರಿಂದ, ಕೋಶಕ್ಕೆ ಪೆಟ್ಟಾಗದಂತೆ ಅದನ್ನಷ್ಟೇ ಹೊಡೆಯುವುದು ಕಷ್ಟ. ಹಾಗಾಗಿ ಬಹುತೇಕ ಔಷಧಗಳ ಗುರಿ ವೈರಸ್‌ನ ಸ್ವಂತ ಕಿಣ್ವಗಳು, ಅಂದರೆ ಅದರ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನ್‌ಗಳು.

ಬಾಯಿ ಅಥವಾ ಜನನಾಂಗದ ಬಳಿ ಗುಳ್ಳೆ ಎಬ್ಬಿಸುವ ವೈರಸ್ ಸೋಂಕಾದ ಹರ್ಪಿಸ್‌ಗೆ ಕೊಡುವ ಅಸೈಕ್ಲೊವಿರ್ ಇದಕ್ಕೆ ನಾನು ಕಂಡ ಅತ್ಯಂತ ಸೊಗಸಾದ ಉದಾಹರಣೆ. ನುಂಗಿದಾಗ ಅದು ನಿಷ್ಕ್ರಿಯ. ಸೋಂಕು ತಗುಲಿದ ಕೋಶದೊಳಗೆ ಹರ್ಪಿಸ್‌ನದೇ ಕಿಣ್ವವೊಂದು ಅದಕ್ಕೆ ಫಾಸ್ಫೇಟ್ ಜೋಡಿಸುತ್ತದೆ. ಅಲ್ಲಿಂದ ಔಷಧ ಚುರುಕಾಗುತ್ತದೆ. ಡಿಎನ್‌ಎ ಘಟಕದಂತೆ ನಟಿಸಿ, ಬೆಳೆಯುತ್ತಿರುವ ಸರಪಳಿಗೆ ಸೇರಿಕೊಳ್ಳುತ್ತದೆ. ಮುಂದಿನ ಕೊಂಡಿ ಹಿಡಿಯುವ ತುದಿಯೇ ಅದಕ್ಕಿಲ್ಲ, ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಆರೋಗ್ಯವಂತ ಕೋಶದಲ್ಲಿ ವೈರಸ್‌ನ ಆ ಕಿಣ್ವ ಇಲ್ಲದ್ದರಿಂದ ಹಾನಿ ಕಡಿಮೆ.

ಎಚ್‌ಐವಿ ತನ್ನ ಆನುವಂಶಿಕ ಮಾಹಿತಿ ಹೊತ್ತ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸಿ, ನಮ್ಮ ಡಿಎನ್‌ಎಯೊಳಗೆ ಸೇರಿಸುತ್ತದೆ. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಜಿಡೊವುಡಿನ್ ಈ ಬದಲಾವಣೆಯನ್ನು ತಡೆಯುತ್ತದೆ. ಈಗಿನ ಡೊಲುಟೆಗ್ರಾವಿರ್ ಸೇರ್ಪಡೆಯನ್ನು ತಡೆಯುತ್ತದೆ. ನಕಲು ಮಾಡುವಾಗ ಎಚ್‌ಐವಿ ಬಹಳ ತಪ್ಪು ಮಾಡುತ್ತದೆ. ಆ ತಪ್ಪುಗಳಿಂದಲೇ ಔಷಧಕ್ಕೆ ಬಗ್ಗದ ತಳಿಗಳು ಹುಟ್ಟುತ್ತವೆ. ಆದ್ದರಿಂದಲೇ ಎರಡು ಮೂರು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ.

ಎರಡೂ ಸೋಂಕು ಪೂರ್ಣ ಅಳಿಯುವುದಿಲ್ಲ. ಹರ್ಪಿಸ್ ನರಕೋಶಗಳಲ್ಲಿ, ಎಚ್‌ಐವಿ ಕೆಲವು ಬಿಳಿರಕ್ತಕಣಗಳಲ್ಲಿ ಸುಪ್ತವಾಗಿ ಉಳಿಯುತ್ತವೆ; ನಕಲಾಗದ ವೈರಸ್ ಔಷಧದ ಕೈಗೆ ಸಿಗದು. ಹಾಗೆಂದು ಎಚ್‌ಐವಿ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಅದನ್ನು ತಪ್ಪದೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.