ವಾಚ್ ತೋರಿಸಿದ ಕ್ಯಾಲೊರಿ ವಾಪಸ್ ತಿನ್ನಬೇಕಾ?
ದೇವರಾಯನದುರ್ಗ ಹತ್ತಿ ಇಳಿದರೆ ವಾಚು 400 ಕ್ಯಾಲೊರಿ ತೋರಿಸುತ್ತೆ, ತೂಕ ಇಳಿಸುವಾಗ ಅಷ್ಟನ್ನೂ ವಾಪಸ್ ತಿನ್ನಬಹುದಾ ಅಂತ ಕೇಳಿದ್ದೀರಿ. ಪೂರ್ತಿ ಬೇಡ. ವಾಚುಗಳು ಎಷ್ಟೋ ಸಲ ಜಾಸ್ತಿಯೇ ತೋರಿಸುತ್ತವೆ, ಸುಮ್ನೆ ಕೂತಿದ್ದರೂ ಆ ಹೊತ್ತಿಗೆ ಖರ್ಚಾಗುತ್ತಿದ್ದ ಕ್ಯಾಲೊರಿಯನ್ನೂ ಕೆಲವು ಅದರಲ್ಲೇ ಸೇರಿಸಿಬಿಡುತ್ತವೆ. ದಿನಕ್ಕೆ ಎಷ್ಟು ಕ್ಯಾಲೊರಿ ತಿನ್ನಬೇಕು ಅಂತ ಆ್ಯಪಿನಲ್ಲಿ ಲೆಕ್ಕ ಹಾಕುವಾಗ 'ವಾರಕ್ಕೆ ಐದು ದಿನ ವ್ಯಾಯಾಮ' ಅಂತ ಒತ್ತಿದ್ದೀರಾ, ಮೊದಲು ಅದನ್ನ ನೋಡಿ. ಒತ್ತಿದ್ದರೆ ಆ ಖರ್ಚು ಆಗಲೇ ಸೇರಿದೆ, ಮತ್ತೆ ತಿಂದರೆ ಎರಡು ಸಲ ತಿಂದಂಗೆ ಅಲ್ವಾ? ನಾನೂ ಬೆಟ್ಟ ಇಳಿದವನೇ ನೇರ ಕ್ಯಾತ್ಸಂದ್ರಕ್ಕೆ ಹೋಗಿ ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ, ಮೇಲೊಂದು ವಡೆ ಹೊಡೀತಿದ್ದೆ, ತಿಂಗಳಾದರೂ ತೂಕ ಅಲ್ಲಾಡಲಿಲ್ಲ. ಒತ್ತಿಲ್ಲ ಅಂದರೆ ಅರ್ಧ ತಿನ್ನಿ, ಅಂದರೆ 200, ಹೆಚ್ಚುಕಮ್ಮಿ ಒಂದು ಸಣ್ಣ ರಾಗಿ ಮುದ್ದೆ. ಮೂರು ವಾರ ತೂಕ ಬರೆದಿಡಿ. ತುಂಬಾ ಬೇಗ ಇಳಿದರೆ ಅಥವಾ ಸುಸ್ತಾದರೆ ಇನ್ನೊಂದು ಸ್ವಲ್ಪ ಸೇರಿಸಿ.