ಮಂಜೂ ಬೇಕು, ಬೇಲಿಯೂ ಬೇಕು

ಪ್ರಶ್ನೆ: ಅಮೆರಿಕದ ಈಸ್ಟ್‌ಮನ್ ಜಾನ್ಸನ್ ಬರೆದ ‘ದಿ ಗರ್ಲ್ ಐ ಲೆಫ್ಟ್ ಬಿಹೈಂಡ್ ಮಿ’ ಚಿತ್ರದ ಕ್ಯಾನ್ವಾಸ್ ಪ್ರಿಂಟ್ ಹಾಲ್‌ಗೆ ಹಾಕಬೇಕೆಂದಿದ್ದೇನೆ. ಆನ್‌ಲೈನ್‌ನಲ್ಲಿ 24×36 ಇಂಚಿನದು ಸಿಗುತ್ತಿದೆ, ಬಣ್ಣ ಝಗಮಗ ಅನ್ನುತ್ತಿದೆ. ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ ಮಾತ್ರ ಚಿತ್ರ ಮಂಕಾಗಿದೆ. ಯಾವುದನ್ನು ನಂಬಲಿ?

ಉತ್ತರ: ಮಂಕಾಗಿರುವುದನ್ನೇ ನಂಬಿ. ಅದು ಬಣ್ಣ ಮಾಸಿ ಆದದ್ದಲ್ಲ, ಚಿತ್ರವೇ ಹಾಗೆ. ಸುಮಾರು 1872ರಲ್ಲಿ ಬರೆದದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ವರ್ಜೀನಿಯಾದ ಮನಸ್ಸಾಸ್‌ ಎಂಬಲ್ಲಿ ಜಾನ್ಸನ್ ಕಂಡ ದೃಶ್ಯವೊಂದು ಇದಕ್ಕೆ ಪ್ರೇರಣೆ. ಹೆಸರು (‘ನಾನು ಬಿಟ್ಟುಬಂದ ಹುಡುಗಿ’ ಅಂತ ಅರ್ಥ) ಸೈನಿಕರು ಹಾಡುತ್ತಿದ್ದ ಐರಿಷ್ ಹಾಡಿನದು. ಹುಡುಗಿ ಗುಡ್ಡದ ಮೇಲೆ ಒಬ್ಬಳೇ ನಿಂತಿದ್ದಾಳೆ. ಗಾಳಿಗೆ ಕೂದಲು ಹಾರುತ್ತಿದೆ, ಹಿಂದೆ ಮಂಜು, ಮರದ ಬೇಲಿ. ಕೈ ಹತ್ತಿರದಿಂದ ನೋಡಿ: ಬೆರಳಲ್ಲಿ ಉಂಗುರ ಇದೆ. ಯುದ್ಧಕ್ಕೆ ಹೋದವನು ಯಾರು ಅಂತ ಆ ಉಂಗುರವೇ ಹೇಳುತ್ತದೆ. ಮಾರುವವರು ಬ್ರೈಟ್‌ನೆಸ್ ಏರಿಸಿದರೆ ಮೊದಲು ಹೋಗುವುದು ಮಂಜು. ಆಮೇಲೆ ಉಳಿಯುವುದು ಸುಮ್ನೆ ಕೂದಲು ಹಾರಿಸಿಕೊಂಡು ನಿಂತ ಹುಡುಗಿ, ಶಾಂಪೂ ಜಾಹೀರಾತಿನ ಥರ!

ನನಗೆ ಬಣ್ಣಕ್ಕಿಂತ ಜಾಸ್ತಿ ಚಿಂತೆ ನೀವು ಹೇಳಿದ ಸೈಜಿನದು. ಮೂಲ ಚಿತ್ರ ಹೆಚ್ಚುಕಡಿಮೆ 35 ಇಂಚು ಅಗಲ, 42 ಇಂಚು ಎತ್ತರ. ಅದನ್ನು 24×36ಕ್ಕೆ ಕೂರಿಸಬೇಕಾದರೆ ಅಗಲದಲ್ಲಿ ಐದನೇ ಒಂದು ಪಾಲು ಕತ್ತರಿಸಬೇಕು, ಇಲ್ಲವೇ ಹುಡುಗಿಯನ್ನು ಎಳೆದು ಸಣ್ಣಗೆ ಮಾಡಬೇಕು. ಕತ್ತರಿಸಿದರೆ ಎರಡೂ ಬದಿಯ ಬಯಲು ಹೋಯಿತು. ಅವಳು ಒಂಟಿ ಅನ್ನಿಸುವುದೇ ಆ ಖಾಲಿ ಜಾಗದಿಂದ ಅಲ್ವಾ? 20×24 ಅಥವಾ 30×36 ಕೇಳಿ, ಅಳತೆ ಸರಿಯಾಗಿ ಕೂರುತ್ತದೆ.

ಇನ್ನೊಂದು ವಿಷಯ. ಮರದ ಚೌಕಟ್ಟಿನ ಬದಿಗೂ ಚಿತ್ರವನ್ನೇ ಸುತ್ತಿ ಕೊಡುವ ‘ಗ್ಯಾಲರಿ ರ‍್ಯಾಪ್’ ಆದರೆ ನಾಲ್ಕೂ ಕಡೆ ಒಂದೂವರೆ ಇಂಚಿನಷ್ಟು ಚಿತ್ರ ಪಕ್ಕಕ್ಕೆ ಮಡಚಿಹೋಗುತ್ತದೆ. ‘ಮಿರರ್ ಎಡ್ಜ್’ (ಅಂಚಿನ ಚಿತ್ರದ ಕನ್ನಡಿ ನಕಲನ್ನು ಬದಿಗೆ ಹಾಕುವುದು) ಮಾಡಿಕೊಡಿ ಅಂತ ಮೊದಲೇ ಹೇಳಿಬಿಡಿ.

ಕಾಪಿರೈಟ್ ಭಯ ಬೇಡ, ಜಾನ್ಸನ್ ತೀರಿಕೊಂಡದ್ದು 1906ರಲ್ಲಿ. ಮೂಲ ಚಿತ್ರ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ. ಅವರ ವೆಬ್‌ಸೈಟ್‌ನಿಂದಲೇ ದೊಡ್ಡ ಫೈಲ್ ಇಳಿಸಿಕೊಂಡು ನಿಮ್ಮೂರಿನ ಪ್ರಿಂಟರ್‌ಗೆ ಕೊಡಬಹುದು. 36 ಇಂಚು ಎತ್ತರಕ್ಕೆ 5400 ಪಿಕ್ಸೆಲ್ ಇದ್ದರೆ ಧಾರಾಳ. ಬೇಗ ಮಾಸದ ಪಿಗ್ಮೆಂಟ್ ಇಂಕ್ ಇದೆಯೇ ಕೇಳಿ. ವಾರ್ನಿಷ್ ಮ್ಯಾಟ್ ಇರಲಿ. ಕಡು ಬಣ್ಣವೇ ಜಾಸ್ತಿ ಇರುವ ಚಿತ್ರ, ಗ್ಲಾಸಿ ಹಾಕಿಸಿದರೆ ಹುಡುಗಿಗಿಂತ ಮೊದಲು ನಿಮ್ಮ ಹಾಲ್‌ನ ಟ್ಯೂಬ್‌ಲೈಟ್ ಕಾಣಿಸುತ್ತದೆ.