ಆ್ಯಪಲ್ಲಿ ಸಿಕ್ಕಿದವ್ರ ಜೊತೆ ಟ್ರಿಪ್ ಹೋಗ್ಬಹುದಾ ಅಂತ ಕೇಳಿದ್ರಲ್ಲ, ಅದಕ್ಕೆ

ಮೇಡಂ, ಟ್ರಾವೆಲ್ ಆ್ಯಪಲ್ಲಿ ಪರಿಚಯ ಆದವ್ರೊಬ್ರು ಅವ್ರ ಕಾರಲ್ಲೇ ಎರಡು ದಿನ ಸುತ್ತಾಡ್ಕೊಂಡು ಬರೋಣ ಅಂತಿದಾರೆ, ಪ್ರೊಫೈಲಲ್ಲಿ ವೆರಿಫೈಡ್ ಟಿಕ್ ಇದೆ, ಹೋಗ್ಲಾ ಬೇಡ್ವಾ ಅಂತ ಕೇಳಿದೀರ. ಮೇಲೆ ಕಾಮೆಂಟಲ್ಲಿ ಒಂದಷ್ಟು ಜನ ಟಿಕ್ ಇದ್ಮೇಲೆ ಭಯ ಏನು ಹೋಗ್ಬನ್ನಿ ಅಂದಿದಾರೆ, ಇನ್ನೊಂದಷ್ಟು ಜನ ಹೆಣ್ಮಕ್ಕಳು ಇಂಥದ್ದರ ಸಹವಾಸಕ್ಕೇ ಹೋಗ್ಬಾರ್ದು ಅಂದಿದಾರೆ. ನಾನು ಎರಡನ್ನೂ ಒಪ್ಪಲ್ಲ. ಹೀಗೆ ಪರಿಚಯ ಆದವ್ರ ಜೊತೆ ನಾನೂ ಓಡಾಡಿದೀನಿ, ಒಳ್ಳೆ ಸ್ನೇಹಿತ್ರು ಸಿಕ್ಕಿದಾರೆ. ಆದ್ರೆ ಮೊದಲ ಭೇಟಿನೇ ಎರಡು ದಿನದ ಕಾರ್ ಟ್ರಿಪ್ ಆಗೋದು ಬೇಡ.

ಟಿಕ್ ಅಂದ್ರೆ ಏನು ಅಂತ ಮೊದ್ಲು ತಿಳ್ಕೊಳ್ಳಿ. ಆ್ಯಪ್ ನೋಡ್ಕೊಂಡು, ಅವ್ರ ಸೆಲ್ಫಿ ಪ್ರೊಫೈಲ್ ಫೋಟೋಗೆ ಹೊಂದಿದೆ ಅಂತನೋ, ಫೋನಿಗೆ ಓಟಿಪಿ ಬಂದಿದೆ ಅಂತನೋ, ಏನೋ ಒಂದು ಐಡಿ ತೋರಿಸಿದಾರೆ ಅಂತನೋ ಅರ್ಥ, ಅಷ್ಟೇ. ಆಸಾಮಿ ಎಂಥವ್ನು ಅಂತ ಅದು ಹೇಳಲ್ಲ. ಅದಕ್ಕಿಂತ ಕೌಚ್‌ಸರ್ಫಿಂಗ್ (ಪ್ರಯಾಣಿಕರು ಊರಿನವ್ರ ಮನೇಲಿ ಉಳ್ಕೊಳ್ಳೋಕೆ, ಭೇಟಿ ಆಗೋಕೆ ಇರೋ ಆ್ಯಪ್) ತರದವುಗಳಲ್ಲಿ ಬೇರೆ ಪ್ರಯಾಣಿಕರು ಬರೆದಿರೋ ರೆಫರೆನ್ಸ್ ಎಷ್ಟೋ ವಾಸಿ, ಆದ್ರೆ ಅದನ್ನ ಓದೋ ರೀತಿ ಇದೆ. ಒಂದೇ ವಾರದಲ್ಲಿ ಸಾಲಾಗಿ "ಸೂಪರ್ ಪರ್ಸನ್" ಅಂತ ಬಂದಿರೋದನ್ನ ಲೆಕ್ಕಕ್ಕೆ ತಗೋಬೇಡಿ, ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆ ಕಡೆಯವ್ರು ಎಲ್ಲಿಗೆ ಹೋದ್ವಿ ಏನು ಮಾಡಿದ್ವಿ ಅಂತ ವಿವರವಾಗಿ ಬರೆದಿದಾರಾ ನೋಡಿ, ಮುಖ್ಯವಾಗಿ ಒಬ್ಬೊಬ್ರೇ ಹೋಗಿದ್ದ ಹೆಂಗಸರು ಏನು ಬರೆದಿದಾರೆ ಅಂತ ಹುಡುಕಿ. ಎಲ್ಲರೂ ಹೊಗಳಿ ಒಬ್ಬ ಹುಡುಗಿ ಮಾತ್ರ "ಸ್ವಲ್ಪ ಜಾಸ್ತಿನೇ ಫ್ರೆಂಡ್ಲಿ" ಅಂತ ಬರೆದಿದ್ರೆ ಆ ಒಂದು ಸಾಲನ್ನ ಹಗುರವಾಗಿ ತಗೋಬೇಡಿ, ಅವ್ರೂ ತಿರುಗಿ ನಮ್ಮ ಮೇಲೆ ಕೆಟ್ಟದಾಗಿ ಬರೀತಾರೇನೋ ಅನ್ನೋ ಹೆದರಿಕೆಗೆ ಜನ ಕಹಿ ಅನುಭವನ ಮೆತ್ತಗೆ ಮಾಡೇ ಬರಿಯೋದು. ಆಗೋದಾದ್ರೆ ಆ ಹುಡುಗಿಗೇ ಮೆಸೇಜ್ ಮಾಡಿ ಕೇಳಿ. ಜೊತೆಗೆ ಫೋಟೋನ ಗೂಗಲ್ ಲೆನ್ಸಲ್ಲಿ ಒಂದ್ಸಲ ಹುಡುಕಿ, ಒಂದು ವಿಡಿಯೋ ಕಾಲ್ ಮಾಡಿ.

ಇದೆಲ್ಲಕ್ಕಿಂತ ನಾನು ನಂಬೋದು ಒಂದೇ, ನಾವು ಬೇಡ ಅಂದಾಗ ಅವ್ರು ಹೇಗೆ ಇರ್ತಾರೆ ಅನ್ನೋದು. ಅದಕ್ಕೆ ಟ್ರಿಪ್ ವರೆಗೂ ಕಾಯ್ಬೇಕಿಲ್ಲ, ಚಾಟಲ್ಲೇ ಗೊತ್ತಾಗತ್ತೆ. "ನೀವು ಉಳ್ಕೊಂಡಿರೋ ಕಡೆಗೇ ಬಂದು ಪಿಕಪ್ ಮಾಡ್ತೀನಿ" ಅಂದ್ರೆ "ಬೇಡ, ಸ್ಟೇಷನ್ ಎದುರು ಕೆಫೆ ಇದ್ಯಲ್ಲ ಅಲ್ಲಿಗೆ ನಾನೇ ಬರ್ತೀನಿ" ಅನ್ನಿ. "ಸರಿ, ಎಷ್ಟೊತ್ತಿಗೆ?" ಅಂತ ಬಂದ್ರೆ ಒಳ್ಳೇದು. "ಯಾಕೆ, ನನ್ಮೇಲೆ ನಂಬಿಕೆ ಇಲ್ವಾ? ನಿಮಗೋಸ್ಕರ ಎಷ್ಟೆಲ್ಲಾ ಪ್ಲಾನ್ ಮಾಡಿದೀನಿ ಗೊತ್ತಾ" ಅಂತ ಶುರುವಾದ್ರೆ ಅಲ್ಲಿಗೇ ಬಿಟ್ಬಿಡಿ, ಇಷ್ಟು ಚಿಕ್ಕ ವಿಷಯಕ್ಕೇ ಮುನಿಸ್ಕೊಳ್ಳೋರು ಊರಾಚೆ ಕತ್ತಲಲ್ಲಿ ಕಾರು ನಿಲ್ಸಿ ಅಂದ್ರೆ ನಿಲ್ಲಿಸ್ತಾರೆ ಅಂತ ಯಾವ ಗ್ಯಾರಂಟಿನೂ ಇಲ್ಲ.

ಮೊದಲ ಭೇಟಿ ಹಗಲು ಹೊತ್ತಲ್ಲಿ, ಜನ ಇರೋ ಕಡೆ, ಜಾಗ ನೀವೇ ಆರ್ಸಿದ್ದು, ಹೋಗೋದು ಬರೋದು ನಿಮ್ಮ ಖರ್ಚಲ್ಲೇ. ಉಳ್ಕೊಂಡಿರೋ ರೂಮಿನ ವಿಳಾಸ ಹೇಳ್ಬೇಡಿ. ಅಲ್ಲಿ ಹೋದ್ಮೇಲೆ "ಇಲ್ಲಿ ಬೇಡ, ನನಗೆ ಗೊತ್ತಿರೋ ಬಾರ್ ಇದೆ" ಅಂತ ಎಬ್ಬಿಸ್ಕೊಂಡು ಹೋಗೋದು ಹಳೇ ಮೋಸ, ಬಾರಿನವ್ರೂ ಸೇರ್ಕೊಂಡು ದೊಡ್ಡ ಬಿಲ್ ಮಾಡಿ ಕೊಡೋವರೆಗೂ ಹೊರಗೆ ಬಿಡಲ್ಲ, ಇದಕ್ಕೆ ಜಾಸ್ತಿ ಬೀಳೋರು ಗಂಡಸ್ರೇ, ಮೇಲೆ "ನಮಗೇನು ಭಯ" ಅಂದಿರೋ ಅಣ್ಣಂದಿರು ಗಮನಿಸಿ. ಕುಡಿಯೋದು ಏನೇ ಇರ್ಲಿ, ನೀರೇ ಆದ್ರೂ, ಬಿಟ್ಟು ಎದ್ದು ಹೋಗಿದ್ರೆ ವಾಪಸ್ ಬಂದು ಅದನ್ನ ಕುಡೀಬೇಡಿ. ಕುಡಿದಿದ್ದಕ್ಕೆ ಸಂಬಂಧನೇ ಇಲ್ಲದ ಹಾಗೆ ತಲೆ ತಿರುಗಿದ್ರೆ ಕೌಂಟರಲ್ಲಿರೋವ್ರಿಗೆ ಹೇಳಿ, ಭೇಟಿಗೆ ಬಂದವ್ರ ಜೊತೆ ಮಾತ್ರ ಹೊರಗೆ ಹೋಗ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ರಕ್ತ ಮೂತ್ರ ಟೆಸ್ಟ್ ಮಾಡಿಸಿ. ಹೀಗೆ ಕುಡಿಯೋದ್ರಲ್ಲಿ ಬೆರೆಸೋ ಜಿಎಚ್‌ಬಿ ಅನ್ನೋ ಮತ್ತಿನ ಔಷಧಿ ಮೂತ್ರದಲ್ಲಿ ಹೆಚ್ಚುಕಮ್ಮಿ 12 ಗಂಟೆ ಆದ್ಮೇಲೆ ಸಿಗೋದೇ ಇಲ್ಲ, ಬೆಳಿಗ್ಗೆ ನೋಡೋಣ ಅಂತ ಮಲಗಿದ್ರೆ ತಡ ಆಗೋಗತ್ತೆ.

ಒಂದೆರಡು ಭೇಟಿ ಆಗಿ ಸರಿ ಅನ್ನಿಸಿದ್ರೆ ಕಾರ್ ಟ್ರಿಪ್ ಹೋಗಿ, ಆದ್ರೆ ಒಂದೇ ದಿನದ್ದು, ಸಂಜೆಯೊಳಗೆ ವಾಪಸ್. ಹತ್ತೋ ಮುಂಚೆ ನಂಬರ್ ಪ್ಲೇಟ್ ಫೋಟೋ ಅವ್ರೆದುರಿಗೇ ತೆಗೆದು "ಮನೆಗೆ ಕಳಿಸ್ತಿದೀನಿ" ಅಂತ ಹೇಳೇ ಕಳ್ಸಿ, ಮುಚ್ಚುಮರೆ ಬೇಡ. ಪಾಸ್‌ಪೋರ್ಟ್, ಕಾರ್ಡ್, ಸ್ವಲ್ಪ ಕ್ಯಾಶ್, ಚಾರ್ಜ್ ಆಗಿರೋ ಪವರ್‌ಬ್ಯಾಂಕ್ ಎಲ್ಲಾ ಮಡಿಲಲ್ಲಿರೋ ಚಿಕ್ಕ ಬ್ಯಾಗಲ್ಲಿರ್ಲಿ, ಡಿಕ್ಕಿಗೆ ಹಾಕಿದ್ರೆ ಇಳಿದು ಹೋಗ್ಬೇಕು ಅನ್ನಿಸಿದಾಗ ಬ್ಯಾಗಿಗೋಸ್ಕರ ಕೂತಿರ್ಬೇಕಾಗತ್ತೆ. ಹೊರಡೋ ಹೊತ್ತಿಗೆ "ನನ್ ಫ್ರೆಂಡೂ ಬರ್ತಿದಾನೆ" ಅಂದ್ರೆ ನೀವು ಒಪ್ಪಿದ್ದ ಪ್ಲಾನ್ ಅದಲ್ಲ, ಬರಲ್ಲ ಅನ್ನೋಕೆ ಸಂಕೋಚ ಪಡ್ಬೇಡಿ. ಅವ್ರ ಪಾರ್ಸಲ್ ಬ್ಯಾಗ್ ಏನನ್ನೂ ಏರ್‌ಪೋರ್ಟಲ್ಲಿ ಗಡಿಯಲ್ಲಿ ನಿಮ್ಮ ಕೈಲಿ ಹಿಡ್ಕೋಬೇಡಿ, ಎಷ್ಟೇ ಗುರುತಾಗಿದ್ರೂ.

ಲೈವ್ ಲೊಕೇಶನ್ ಆನ್ ಮಾಡಿದೀನಿ ಅಂತ ನಿಶ್ಚಿಂತೆಯಾಗಿರ್ತಾರೆ ಜನ. ವಾಟ್ಸಾಪಲ್ಲಿ ಅದು ಜಾಸ್ತಿ ಅಂದ್ರೆ 8 ಗಂಟೆ, ಆಮೇಲೆ ತಾನೇ ನಿಂತೋಗತ್ತೆ, ಇಡೀ ದಿನಕ್ಕೆ ಗೂಗಲ್ ಮ್ಯಾಪ್ಸ್ ಶೇರಿಂಗ್ ವಾಸಿ. ಎರಡಕ್ಕೂ ನೆಟ್‌ವರ್ಕ್ ಬೇಕು. ಅದಕ್ಕೆ ಮನೇಲಿರೋವ್ರಿಗೆ ಏನು ಮಾಡ್ಬೇಕು ಅಂತಾನೂ ಹೇಳಿರ್ಬೇಕು: 7 ಗಂಟೆ ಒಳಗೆ ಮೆಸೇಜ್ ಬರ್ಲಿಲ್ಲ ಅಂದ್ರೆ ಫೋನ್ ಮಾಡು, ಇನ್ನರ್ಧ ಗಂಟೆ ಸಿಗ್ಲಿಲ್ಲ ಅಂದ್ರೆ ಈ ಕಾರ್ ನಂಬರ್ ಕೊಟ್ಟು ಪೊಲೀಸರಿಗೆ ತಿಳ್ಸು ಅಂತ. ಹೋಗ್ತಿರೋ ದೇಶದ ತುರ್ತು ನಂಬರ್ ಬರೆದಿಟ್ಕೊಳ್ಳಿ, ಯುರೋಪಿಯನ್ ಒಕ್ಕೂಟದಲ್ಲೆಲ್ಲಾ 112, ಅಮೆರಿಕದಲ್ಲಿ 911. ಸ್ಟೋರಿ ಹಾಕೋದಿದ್ರೆ ಆ ಜಾಗ ಬಿಟ್ಮೇಲೆ ಹಾಕಿ.

ಇನ್ನೊಂದು, ಏನಾದ್ರೂ ಕಿರಿಕ್ ಆದ್ರೆ ಕೋಪಕ್ಕೆ ತಕ್ಷಣ ಬ್ಲಾಕ್ ಮಾಡ್ಬೇಡಿ, ಕೆಲವು ಆ್ಯಪಲ್ಲಿ ಅದರ ಜೊತೆಗೆ ಚಾಟೂ ಮಾಯ ಆಗತ್ತೆ. ಮೊದ್ಲು ಪ್ರೊಫೈಲ್, ಚಾಟ್ ಎಲ್ಲಾ ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್. ನಿಮ್ಮ ಕೇಸಲ್ಲಿ ರೆಫರೆನ್ಸ್ ಏನಾದ್ರೂ ಇದ್ರೆ ಹೆಸರು ಮರೆ ಮಾಡಿ ಇಲ್ಲೇ ಹಾಕಿ ಮೇಡಂ, ಓದಿ ನನಗನ್ನಿಸಿದ್ದು ಹೇಳ್ತೀನಿ.